ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬಯೋಸ್ ನವೀಕರಣ

ಬಯೋಸ್ ನವೀಕರಣ ಎಂದರೆ ಗಣಕಯಂತ್ರದ ಮದರ್‌ಬೋರ್ಡ್ ಮೇಲಿನ ಫ್ಲ್ಯಾಶ್ ಚಿಪ್‌ನಲ್ಲಿರುವ ಆರಂಭಿಕ ತಂತ್ರಾಂಶವನ್ನು ಅಳಿಸಿ, ಅದರ ಸ್ಥಾನದಲ್ಲಿ ತಯಾರಕರು ಬಿಡುಗಡೆ ಮಾಡಿದ ಬೇರೊಂದು ಆವೃತ್ತಿಯನ್ನು ಬರೆಯುವ ಕ್ರಿಯೆ. ವಿದ್ಯುತ್ ಗುಂಡಿಯನ್ನು ಒತ್ತಿದ ಕ್ಷಣದಿಂದ ವಿಂಡೋಸ್ ಅಥವಾ ಲಿನಕ್ಸ್ ಯಂತ್ರವನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳುವವರೆಗೆ ಪ್ರೊಸೆಸರ್, ಸ್ಮೃತಿ, ಕೀಲಿಮಣೆ ಮತ್ತು ಡಿಸ್ಕ್‌ಗಳನ್ನು ಎಚ್ಚರಗೊಳಿಸುವ ಕೆಲಸ ಈ ತಂತ್ರಾಂಶದ್ದು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇದರ ಪಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಹೆಚ್ಚು ಶಾಖವನ್ನು ಹೊರಸೂಸುವ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳು ಒಂದೇ ತೆಳುವಾದ ಕವಚದೊಳಗೆ ಇರುವುದರಿಂದ, ಯಾವ ಭಾಗಕ್ಕೆ ಎಷ್ಟು ವಾಟ್ ವಿದ್ಯುತ್ ಸಲ್ಲಬೇಕು, ಎಷ್ಟು ಉಷ್ಣತೆಗೆ ಫ್ಯಾನ್ ಯಾವ ವೇಗದಲ್ಲಿ ತಿರುಗಬೇಕು ಎಂಬ ಮಿತಿಗಳನ್ನು ಬಹುಮಟ್ಟಿಗೆ ತಯಾರಕರ ಫರ್ಮ್‌ವೇರ್ ನಿರ್ಧರಿಸುತ್ತದೆ. ಆದುದರಿಂದ ಒಂದು ನವೀಕರಣವು ಯಂತ್ರದ ದೋಷವನ್ನು ನಿವಾರಿಸುವುದರ ಜೊತೆಗೆ ಅದರ ಸ್ವಭಾವವನ್ನೂ ಬದಲಿಸಬಲ್ಲದು. ಹಾಗೆ ಬದಲಾದ ಮೇಲೆ ಹಿಂದಿನ ಆವೃತ್ತಿಗೆ ಮರಳುವ ದಾರಿ ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ.

ಹೆಸರು ಮತ್ತು ಹಿನ್ನೆಲೆ

ಬಯೋಸ್ ಎಂಬ ಹೆಸರನ್ನು 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ಕಾರ್ಯನಿರ್ವಹಣಾ ವ್ಯವಸ್ಥೆಯಲ್ಲಿ ಯಂತ್ರಾಂಶದೊಂದಿಗೆ ನೇರವಾಗಿ ವ್ಯವಹರಿಸುವ ಭಾಗಕ್ಕೆ ಬಳಸಿದರು. 1981ರಲ್ಲಿ ಬಂದ ಐಬಿಎಂ ಪಿಸಿಯ ಬಯೋಸ್ ಕೇವಲ 8 ಕಿಲೋಬೈಟ್ ಗಾತ್ರದ್ದಾಗಿತ್ತು. ಅದು ಓದಲು ಮಾತ್ರ ಸಾಧ್ಯವಿದ್ದ ರಾಮ್ ಚಿಪ್‌ನಲ್ಲಿ (ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್ ಬೇರೆ) ಅಚ್ಚಾಗಿದ್ದುದರಿಂದ, ಅದನ್ನು ಬದಲಿಸಬೇಕಾದರೆ ಚಿಪ್ಪನ್ನೇ ಬದಲಿಸಬೇಕಾಗಿತ್ತು. ವಿದ್ಯುತ್ತಿನಿಂದಲೇ ಅಳಿಸಿ ಮತ್ತೆ ಬರೆಯಬಹುದಾದ ಫ್ಲ್ಯಾಶ್ ಚಿಪ್‌ಗಳು 1990ರ ದಶಕದಲ್ಲಿ ರೂಢಿಗೆ ಬಂದ ಮೇಲೆ, ಬಳಕೆದಾರರೇ ಮನೆಯಲ್ಲಿ ಬಯೋಸ್ ನವೀಕರಿಸುವುದು ಸಾಧ್ಯವಾಯಿತು.

ತಯಾರಕರು ಬರೆಯಬಲ್ಲದ್ದನ್ನು ಇತರರೂ ಬರೆಯಬಲ್ಲರು ಎಂಬುದು ಬೇಗನೆ ಬಯಲಾಯಿತು. 1998ರಲ್ಲಿ ಕಾಣಿಸಿಕೊಂಡು 1999ರ ಏಪ್ರಿಲ್ 26ರಂದು ವ್ಯಾಪಕ ಹಾನಿ ಮಾಡಿದ ಸಿಐಎಚ್ ವೈರಸ್, ಚೆರ್ನೋಬಿಲ್ ಎಂಬ ಹೆಸರಿನಿಂದಲೂ ಪರಿಚಿತವಾದುದು, ಹಾರ್ಡ್ ಡಿಸ್ಕಿನ ಆರಂಭಿಕ ಭಾಗವನ್ನು ಅಳಿಸುವುದರೊಂದಿಗೆ ಕೆಲವು ಮದರ್‌ಬೋರ್ಡ್‌ಗಳ ಬಯೋಸ್ ಮೇಲೂ ಕಸವನ್ನು ಬರೆಯುತ್ತಿತ್ತು. ಅಂತಹ ಯಂತ್ರಗಳು ಗುಂಡಿ ಒತ್ತಿದರೂ ಏಳುತ್ತಿರಲಿಲ್ಲ. ಇಂದಿನ ನವೀಕರಣ ಕಡತಗಳಿಗೆ ತಯಾರಕರ ಡಿಜಿಟಲ್ ಸಹಿ ಕಡ್ಡಾಯವಾಗಿರುವುದಕ್ಕೆ ಇಂತಹ ಅಪಾಯಗಳೇ ಹಿನ್ನೆಲೆ.

ತಾಂತ್ರಿಕವಾಗಿ ಹೇಳುವುದಾದರೆ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಅರ್ಥದ ಬಯೋಸ್ ಇಲ್ಲ. ಇಂಟೆಲ್ ತನ್ನ ಇಟೇನಿಯಂ ಯಂತ್ರಗಳಿಗಾಗಿ ರೂಪಿಸಿದ ಇಎಫ್‌ಐ ವಿನ್ಯಾಸವು 2005ರಲ್ಲಿ ಸ್ಥಾಪಿತವಾದ ಉದ್ಯಮ ವೇದಿಕೆಯೊಂದರ ಉಸ್ತುವಾರಿಯಲ್ಲಿ ಯುಇಎಫ್‌ಐ ಎಂದು ಬೆಳೆದು ಹಳೆಯ ಬಯೋಸ್‌ನ ಸ್ಥಾನವನ್ನು ಪಡೆಯಿತು. ಆದರೂ ತಯಾರಕರ ಜಾಲತಾಣಗಳಲ್ಲಿಯೂ ಜನರ ಮಾತಿನಲ್ಲಿಯೂ ಹಳೆಯ ಹೆಸರೇ ಉಳಿದಿದೆ.

ಚಿಪ್‌ನೊಳಗಿನ ಸಂಗತಿಗಳು

ಇಂದಿನ ಲ್ಯಾಪ್‌ಟಾಪಿನ ಬಯೋಸ್ ಚಿಪ್ ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟ್ ಸಾಮರ್ಥ್ಯದ, ಹೆಚ್ಚಾಗಿ ಎಂಟು ಕಾಲುಗಳ ಪುಟ್ಟ ಬಿಡಿಭಾಗ. ಯುಇಎಫ್‌ಐ ಸಂಕೇತಗಳ ಜೊತೆಗೆ ಪ್ರೊಸೆಸರ್‌ನ ಆಂತರಿಕ ನಡವಳಿಕೆಯನ್ನು ತಿದ್ದುವ ಮೈಕ್ರೋಕೋಡ್, ಇಂಟೆಲ್ ಅಥವಾ ಎಎಂಡಿಯ ಭದ್ರತಾ ಉಪಸಂಸ್ಕಾರಕದ ಫರ್ಮ್‌ವೇರ್, ಬಳಕೆದಾರರು ಮಾಡಿಕೊಂಡ ಆಯ್ಕೆಗಳು, ಆ ಯಂತ್ರಕ್ಕೇ ಮೀಸಲಾದ ಕ್ರಮಸಂಖ್ಯೆ ಮುಂತಾದವು ಇದರಲ್ಲಿರುತ್ತವೆ. ವಿಂಡೋಸ್ ಸಹಿತ ಮಾರಾಟವಾದ ಯಂತ್ರಗಳಲ್ಲಿ ವಿಂಡೋಸ್ ಪರವಾನಗಿಯ ಕೀಲಿಯೂ ಇಲ್ಲಿಯೇ ಅಡಗಿರುತ್ತದೆ.

ಇದರ ಜೊತೆಗೆ ಎಂಬೆಡೆಡ್ ಕಂಟ್ರೋಲರ್ ಎಂಬ ಪ್ರತ್ಯೇಕ ನಿಯಂತ್ರಕವೊಂದಿದೆ. ಕೀಲಿಮಣೆ, ಬ್ಯಾಟರಿಯ ಚಾರ್ಜಿಂಗ್ ಮತ್ತು ಫ್ಯಾನ್‌ಗಳು ಅದರ ಅಧೀನ. ಗ್ರಾಫಿಕ್ಸ್ ಚಿಪ್‌ಗೆ ವಿಬಯೋಸ್ ಎಂಬ ತನ್ನದೇ ಫರ್ಮ್‌ವೇರ್ ಇದ್ದು, ಅದು ಗರಿಷ್ಠ ವಿದ್ಯುತ್ ಬಳಕೆಯ ಮಿತಿಯನ್ನು ಹೊಂದಿರುತ್ತದೆ. ತಯಾರಕರು ಇವುಗಳನ್ನು ಕೆಲವೊಮ್ಮೆ ಬೇರೆ ಬೇರೆಯಾಗಿಯೂ ಕೆಲವೊಮ್ಮೆ ಒಂದೇ ಕಡತದಲ್ಲಿಯೂ ಒದಗಿಸುತ್ತಾರೆ. ನವೀಕರಣದ ನಂತರ ಫ್ಯಾನ್ ಸದ್ದು ಹೆಚ್ಚಾಯಿತು ಅಥವಾ ಆಟದ ಫ್ರೇಮ್ ದರ ಇಳಿಯಿತು ಎಂಬ ದೂರುಗಳು ಕೇಳಿಬಂದಾಗ, ಬದಲಾದುದು ಇವುಗಳಲ್ಲೊಂದಾಗಿರುವ ಸಾಧ್ಯತೆಯೂ ಇದೆ.

ನವೀಕರಣದ ಕಾರಣಗಳು

ಆಟಗಾರರ ದೃಷ್ಟಿಯಿಂದ ಅತ್ಯಂತ ಸ್ಪಷ್ಟವಾದ ಉದಾಹರಣೆ ಎಎಂಡಿ ರೈಝನ್ ಯಂತ್ರಗಳ ತಡವರಿಕೆಯದು. ವಿಂಡೋಸ್ 11 ಟಿಪಿಎಂ 2.0 ಭದ್ರತಾ ಘಟಕವನ್ನು ಕಡ್ಡಾಯಗೊಳಿಸಿದ ಬಳಿಕ ಅನೇಕರು ಪ್ರೊಸೆಸರ್‌ನಲ್ಲಿಯೇ ಫರ್ಮ್‌ವೇರ್ ರೂಪದಲ್ಲಿರುವ ಟಿಪಿಎಂ ಅನ್ನು ಸಕ್ರಿಯಗೊಳಿಸಿಕೊಂಡರು. ಆಗ ಕೆಲವು ಯಂತ್ರಗಳಲ್ಲಿ ಆಟದ ನಡುವೆ ಚಿತ್ರವೂ ಧ್ವನಿಯೂ ಕ್ಷಣಕಾಲ ಸ್ತಬ್ಧವಾಗತೊಡಗಿದವು. ಗ್ರಾಫಿಕ್ಸ್ ಚಾಲಕ ತಂತ್ರಾಂಶವನ್ನು ಎಷ್ಟು ಬಾರಿ ಬದಲಿಸಿದರೂ ಫಲವಿರಲಿಲ್ಲ. ಟಿಪಿಎಂ ತನ್ನ ಮಾಹಿತಿಗಾಗಿ ಬಯೋಸ್ ಇರುವ ಅದೇ ಫ್ಲ್ಯಾಶ್ ಚಿಪ್ಪಿನೊಂದಿಗೆ ನಡೆಸುವ ವ್ಯವಹಾರ ಅತಿಯಾಗಿ ದೀರ್ಘವಾದಾಗ ಇಡೀ ವ್ಯವಸ್ಥೆ ಕಾಯಬೇಕಾಗುತ್ತದೆ ಎಂದು ಎಎಂಡಿ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡು, ಮೇ ತಿಂಗಳಿನಿಂದ ಬಯೋಸ್ ನವೀಕರಣಗಳ ಮೂಲಕ ಪರಿಹಾರ ದೊರೆಯುವುದಾಗಿ ತಿಳಿಸಿತು. ಇಂತಹ ದೋಷಕ್ಕೆ ಬೇರಾವ ತಂತ್ರಾಂಶದಿಂದಲೂ ಮದ್ದಿಲ್ಲ.

ಹೊಸ ಸೌಲಭ್ಯಗಳೂ ಹೀಗೆಯೇ ಬರುತ್ತವೆ. ಪ್ರೊಸೆಸರ್‌ಗೆ ಗ್ರಾಫಿಕ್ಸ್ ಸ್ಮೃತಿಯ ಪೂರ್ಣ ಭಾಗವನ್ನು ಒಮ್ಮೆಗೇ ತಲುಪಲು ಅವಕಾಶ ನೀಡುವ ರೀಸೈಜ಼ಬಲ್ ಬಾರ್ ಸೌಲಭ್ಯವನ್ನು ಎನ್‌ವಿಡಿಯಾ 2021ರಲ್ಲಿ ಆರ್‌ಟಿಎಕ್ಸ್ 30 ಸರಣಿಗೆ ತಂದಾಗ, ಅದಕ್ಕೆ ಬಯೋಸ್‌ನ ಬೆಂಬಲ ಅಗತ್ಯವಾಗಿತ್ತು. ಭದ್ರತಾ ಲೋಪಗಳು ಇನ್ನೊಂದು ಕಾರಣ. ಯಂತ್ರ ಏಳುವಾಗ ಪರದೆಯಲ್ಲಿ ಮೂಡುವ ಕಂಪನಿಯ ಲಾಂಛನದ ಚಿತ್ರವನ್ನು ಓದುವ ಸಂಕೇತದಲ್ಲಿಯೇ ಲೋಪವಿದ್ದುದನ್ನು 2023ರ ಡಿಸೆಂಬರ್‌ನಲ್ಲಿ ಬೈನಾರ್ಲಿ ಸಂಸ್ಥೆ ಲೋಗೋಫೇಲ್ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಸೆಕ್ಯೂರ್ ಬೂಟ್ ವ್ಯವಸ್ಥೆ ಆಧರಿಸಿರುವ, ಮೈಕ್ರೋಸಾಫ್ಟ್ 2011ರಲ್ಲಿ ನೀಡಿದ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಅವುಗಳ ಬದಲಿಗೆ 2023ರ ಪ್ರಮಾಣಪತ್ರಗಳನ್ನು ಸ್ವೀಕರಿಸಲು ಕೆಲವು ಯಂತ್ರಗಳಿಗೆ ಮೊದಲು ಬಯೋಸ್ ನವೀಕರಣ ಬೇಕಾಗುತ್ತದೆ.

ಡೆಸ್ಕ್‌ಟಾಪ್‌ಗಳ ಸುದ್ದಿಯನ್ನು ಲ್ಯಾಪ್‌ಟಾಪ್‌ಗೆ ಹಾಗೆಯೇ ಅನ್ವಯಿಸಿಕೊಂಡು ಗಾಬರಿಯಾಗುವವರೂ ಉಂಟು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರ್‌ಗಳು ಅಧಿಕ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತಿದ್ದ ಪ್ರಕರಣ ಇದಕ್ಕೆ ನಿದರ್ಶನ. ಅದು ಡೆಸ್ಕ್‌ಟಾಪ್ ಮಾದರಿಗಳಿಗೆ ಸಂಬಂಧಿಸಿದ ದೋಷವೆಂದೂ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದೇ ದೋಷವಿಲ್ಲವೆಂದೂ ಇಂಟೆಲ್ ಹೇಳಿತು.

ವೋಲ್ಟೇಜ್ ಇಳಿಕೆಯ ವಿವಾದ

ನವೀಕರಣದಿಂದ ಕಳೆದುಕೊಳ್ಳುವುದೂ ಇರುತ್ತದೆ ಎಂಬುದನ್ನು ಆಟಗಾರರು ಸ್ವಾನುಭವದಿಂದ ಅರಿತದ್ದು ಪ್ಲಂಡರ್‌ವೋಲ್ಟ್ ಪ್ರಕರಣದಲ್ಲಿ. ಥ್ರಾಟಲ್‌ಸ್ಟಾಪ್‌ನಂತಹ ತಂತ್ರಾಂಶಗಳಿಂದ ಇಂಟೆಲ್ ಪ್ರೊಸೆಸರ್‌ನ ವೋಲ್ಟೇಜನ್ನು ತುಸು ತಗ್ಗಿಸಿ, ಉಷ್ಣತೆಯನ್ನು ಇಳಿಸಿ, ಅದೇ ಯಂತ್ರದಿಂದ ಹೆಚ್ಚು ಸ್ಥಿರವಾದ ವೇಗವನ್ನು ಪಡೆಯುವುದು ಗೇಮಿಂಗ್ ಲ್ಯಾಪ್‌ಟಾಪ್ ಬಳಕೆದಾರರ ನಡುವೆ ಜನಪ್ರಿಯವಾಗಿತ್ತು. ಇದೇ ಸೌಲಭ್ಯವನ್ನು ದುರುಪಯೋಗಪಡಿಸಿಕೊಂಡು ಪ್ರೊಸೆಸರ್‌ನ ಲೆಕ್ಕಾಚಾರದಲ್ಲಿ ಉದ್ದೇಶಪೂರ್ವಕವಾಗಿ ತಪ್ಪುಗಳನ್ನು ಹುಟ್ಟಿಸಿ, ಎಸ್‌ಜಿಎಕ್ಸ್ ಎಂಬ ಸುರಕ್ಷಿತ ವಲಯದೊಳಗಿನ ಗುಟ್ಟುಗಳನ್ನು ಹೊರತೆಗೆಯಬಹುದೆಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ, ಗ್ರಾಜ಼್ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ಬೆಲ್ಜಿಯಂನ ಕೆಯು ಲ್ಯೂವೆನ್‌ನ ಸಂಶೋಧಕರು 2019ರ ಡಿಸೆಂಬರ್‌ನಲ್ಲಿ ತೋರಿಸಿದರು. ವೋಲ್ಟೇಜ್ ಬದಲಾವಣೆಗೆ ಬೀಗ ಹಾಕುವ ವ್ಯವಸ್ಥೆಯನ್ನು ಇಂಟೆಲ್ ಒದಗಿಸಿತು, ತಯಾರಕರು ಅದನ್ನು ಬಯೋಸ್ ನವೀಕರಣಗಳಲ್ಲಿ ಸೇರಿಸಿದರು.

ಈ ದಾಳಿಗೆ ಯಂತ್ರದ ಮೇಲೆ ಮೊದಲೇ ಸಂಪೂರ್ಣ ಆಡಳಿತಾಧಿಕಾರ ದೊರೆತಿರಬೇಕು. ಎಸ್‌ಜಿಎಕ್ಸ್ ಅನ್ನೇ ಬಳಸದ ಸಾಮಾನ್ಯ ಆಟಗಾರನಿಗೆ ಇದರಿಂದ ಒದಗಿದ ರಕ್ಷಣೆ ಅತ್ಯಲ್ಪ, ಆದ ನಷ್ಟ ಮಾತ್ರ ಪ್ರತಿದಿನ ಕೈಗೆ ತಾಗುವ ಬಿಸಿ. ಇಂಟೆಲ್ ಮುಂದೆ 11ನೆಯ ಪೀಳಿಗೆಯಿಂದ ಗ್ರಾಹಕ ಪ್ರೊಸೆಸರ್‌ಗಳಲ್ಲಿ ಎಸ್‌ಜಿಎಕ್ಸ್ ಅನ್ನೇ ಕೈಬಿಡತೊಡಗಿತಾದರೂ ಬೀಗ ಬಿದ್ದ ಹಳೆಯ ಯಂತ್ರಗಳಲ್ಲಿ ಹಲವು ಹಾಗೆಯೇ ಉಳಿದವು. ಆನಂತರದ ಕೆಲವು ಗೇಮಿಂಗ್ ಮಾದರಿಗಳಲ್ಲಿ ವೋಲ್ಟೇಜ್ ಇಳಿಸುವ ಆಯ್ಕೆಯನ್ನು ತಯಾರಕರೇ ಬಯೋಸ್ ಪಟ್ಟಿಯಲ್ಲಿ ಮರಳಿ ನೀಡಿದ್ದಾರೆ.

ಪೂರ್ವಸಿದ್ಧತೆ

ಈಗಿರುವ ಆವೃತ್ತಿ ಯಾವುದೆಂಬುದನ್ನು ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಶನ್ ಪುಟದಲ್ಲಿ ಕಾಣಬಹುದು. ಹೊಸ ಕಡತವನ್ನು ತಯಾರಕರ ಅಧಿಕೃತ ಜಾಲತಾಣದಿಂದ, ಯಂತ್ರದ ತಳಭಾಗದಲ್ಲಿ ಮುದ್ರಿತವಾದ ಪೂರ್ಣ ಮಾದರಿ ಸಂಖ್ಯೆಗೆ ಹೊಂದುವಂತೆ ಪಡೆಯಬೇಕು. ಹೊರನೋಟಕ್ಕೆ ಒಂದೇ ತೆರನಾದ, ಒಂದೇ ಸರಣಿಯ ಎರಡು ಲ್ಯಾಪ್‌ಟಾಪ್‌ಗಳೊಳಗೆ ಬೇರೆ ಬೇರೆ ಮದರ್‌ಬೋರ್ಡ್ ಇರಬಹುದು. ಬದಲಾವಣೆಗಳ ಟಿಪ್ಪಣಿಯನ್ನು ಓದುವುದು ಒಳಿತು, ಆದರೆ ಎಷ್ಟೋ ತಯಾರಕರು ಅಲ್ಲಿ "ವ್ಯವಸ್ಥೆಯ ಸ್ಥಿರತೆ ಸುಧಾರಿಸಲಾಗಿದೆ" ಎಂಬ ಒಂದೇ ಸಾಲನ್ನು ವರ್ಷಗಟ್ಟಲೆ ಬರೆದು ಕೈತೊಳೆದುಕೊಳ್ಳುತ್ತಾರೆ.

ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಸಕ್ರಿಯವಾಗಿರುವ ಯಂತ್ರಗಳಲ್ಲಿ ವಿಶೇಷ ಎಚ್ಚರ ಬೇಕು. ಬಯೋಸ್ ಬದಲಾದುದನ್ನು ಟಿಪಿಎಂ ಗುರುತಿಸಿದಾಗ ಡಿಸ್ಕ್ ತೆರೆಯಲು 48 ಅಂಕಿಗಳ ಮರುಪಡೆಯುವಿಕೆ ಕೀಲಿಯನ್ನು ವಿಂಡೋಸ್ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಯಂತ್ರ ಸುಸ್ಥಿತಿಯಲ್ಲಿದ್ದರೂ ಅದರೊಳಗಿನ ಛಾಯಾಚಿತ್ರ, ದಾಖಲೆಗಳೆಲ್ಲ ಕೈತಪ್ಪುತ್ತವೆ. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ ಪ್ರವೇಶಿಸುವವರ ಯಂತ್ರದಲ್ಲಿ ಈ ಗೂಢಲಿಪೀಕರಣ ತಾನಾಗಿಯೇ ಜಾರಿಯಾಗಿರಬಹುದಾದ್ದರಿಂದ, ತನ್ನ ಡಿಸ್ಕ್‌ಗೆ ಬೀಗವಿದೆಯೆಂಬುದೇ ಅನೇಕರಿಗೆ ಆ ನೀಲಿ ಪರದೆಯನ್ನು ಕಂಡಾಗಲಷ್ಟೇ ತಿಳಿಯುತ್ತದೆ. ಖಾತೆಯಲ್ಲಿ ಉಳಿದಿರುವ ಕೀಲಿಯನ್ನು ಮೊದಲೇ ಬರೆದಿಟ್ಟುಕೊಂಡು, ನವೀಕರಣ ಮುಗಿಯುವವರೆಗೆ ಬಿಟ್‌ಲಾಕರ್ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು ಸರಿಯಾದ ಕ್ರಮ.

ಚಾರ್ಜರ್ ಜೋಡಿಸಿರಬೇಕು, ಬ್ಯಾಟರಿಯಲ್ಲಿಯೂ ಸಾಕಷ್ಟು ಚಾರ್ಜ್ ಇರಬೇಕು. ಪದೇ ಪದೇ ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಲ್ಯಾಪ್‌ಟಾಪ್‌ಗೆ ತನ್ನದೇ ಯುಪಿಎಸ್ ಒಳಗೇ ಇದ್ದಂತಾಯಿತು. ಆದರೆ ಸದಾ ಚಾರ್ಜರ್‌ಗೆ ಅಂಟಿಕೊಂಡೇ ದುಡಿಯುವ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗಿರುತ್ತದೆ. ಶೇಕಡಾ 100 ಎಂದು ತೋರಿಸುತ್ತಲೇ ಚಾರ್ಜರ್ ತೆಗೆದ ಕೂಡಲೇ ಆರಿಹೋಗುವ ಬ್ಯಾಟರಿಯನ್ನು ನಂಬಿ ಈ ಕೆಲಸಕ್ಕೆ ಕೈಹಾಕಬಾರದು.

ವಿಧಾನ

ಮೂರು ಮಾರ್ಗಗಳು ರೂಢಿಯಲ್ಲಿವೆ. ತಯಾರಕರ ವಿಂಡೋಸ್ ತಂತ್ರಾಂಶ ಅಥವಾ ವಿಂಡೋಸ್ ಅಪ್‌ಡೇಟ್ ಮೂಲಕ ಬರುವ ಕಡತವು ಯಂತ್ರ ಮರುಪ್ರಾರಂಭವಾಗುವಾಗ ತಾನಾಗಿ ಬರೆಯಲ್ಪಡುತ್ತದೆ. ಲಿನಕ್ಸ್‌ನಲ್ಲಿ ಎಫ್‌ಡಬ್ಲ್ಯುಯುಪಿಡಿ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ, ಆದರೆ ಎಲ್ಲ ಗೇಮಿಂಗ್ ಮಾದರಿಗಳೂ ಅದರ ಪಟ್ಟಿಯಲ್ಲಿಲ್ಲ. ಮೂರನೆಯದು ಎಫ್‌ಎಟಿ32 ವಿನ್ಯಾಸದ ಯುಎಸ್‌ಬಿ ಪೆನ್‌ಡ್ರೈವ್‌ಗೆ ಕಡತವನ್ನು ಹಾಕಿ, ಬಯೋಸ್‌ನೊಳಗಿನಿಂದಲೇ ಬರೆಯುವುದು. ಏಸಸ್‌ನಲ್ಲಿ ಇದಕ್ಕೆ ಇಝಡ್ ಫ್ಲ್ಯಾಶ್ ಎಂದೂ ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್ ಎಂದೂ ಹೆಸರು. ಡೆಲ್ ಯಂತ್ರಗಳಲ್ಲಿ ಎಫ್12 ಕೀಲಿ ಒತ್ತಿದಾಗ ಬರುವ ಪಟ್ಟಿಯಲ್ಲಿ ಈ ಆಯ್ಕೆ ಸಿಗುತ್ತದೆ. ಹಿನ್ನೆಲೆಯಲ್ಲಿ ಬೇರೆ ತಂತ್ರಾಂಶಗಳು ಓಡದಿರುವುದರಿಂದ, ಸೌಲಭ್ಯವಿರುವ ಕಡೆ ಈ ಮೂರನೆಯ ಮಾರ್ಗವೇ ಮೇಲು.

ಬರೆಯುವ ಕೆಲಸ ಕೆಲವೇ ನಿಮಿಷಗಳದ್ದು. ಅಪಾಯಕರ ಘಟ್ಟ ಬರುವುದು ಅದರ ನಂತರ. ಮೊದಲ ಮರುಪ್ರಾರಂಭದಲ್ಲಿ ಬಯೋಸ್ ಸ್ಮೃತಿಯ ವೇಗ ಮತ್ತು ಸಮಯಗಳನ್ನು ಹೊಸದಾಗಿ ಅಳೆದು ಹೊಂದಿಸಿಕೊಳ್ಳುತ್ತದೆ. ವಿಶೇಷವಾಗಿ ಡಿಡಿಆರ್5 ಸ್ಮೃತಿ ಇರುವ ಯಂತ್ರಗಳಲ್ಲಿ ಇದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ, ಫ್ಯಾನ್‌ಗಳು ಪೂರ್ಣ ವೇಗದಲ್ಲಿ ಮೊರೆಯಬಹುದು, ಯಂತ್ರ ಒಂದೆರಡು ಬಾರಿ ತಾನಾಗಿ ಆರಿ ಹೊತ್ತಿಕೊಳ್ಳಲೂಬಹುದು. ಎಂಬೆಡೆಡ್ ಕಂಟ್ರೋಲರ್‌ನ ನವೀಕರಣವೂ ಈ ನಡುವೆಯೇ ನಡೆಯುತ್ತಿರಬಹುದು. ಯಂತ್ರ ಕೆಟ್ಟಿತೆಂದು ಭಾವಿಸಿ ವಿದ್ಯುತ್ ಗುಂಡಿಯನ್ನು ಅದುಮಿ ಹಿಡಿದರೆ, ಸರಿಯಾಗಿ ನಡೆಯುತ್ತಿದ್ದ ಕೆಲಸವೇ ಅರ್ಧಕ್ಕೆ ಕೆಡುತ್ತದೆ. ಅರ್ಧ ಗಂಟೆಯಾದರೂ ಮುಟ್ಟದೆ ಕಾಯುವುದು ಕ್ಷೇಮ.

ನಂತರದ ಹೊಂದಾಣಿಕೆ

ನವೀಕರಣದೊಂದಿಗೆ ಬಯೋಸ್ ಆಯ್ಕೆಗಳು ಮೂಲಸ್ಥಿತಿಗೆ ಮರಳುವುದುಂಟು. ಇಂಟೆಲ್ ಯಂತ್ರಗಳಲ್ಲಿ ಡಿಸ್ಕ್ ನಿರ್ವಹಣೆಗೆ ಸಂಬಂಧಿಸಿದ ವಿಎಂಡಿ ಆಯ್ಕೆ ಬದಲಾದರೆ ವಿಂಡೋಸ್ ತನ್ನ ಡಿಸ್ಕನ್ನೇ ಕಾಣದೆ ಏಳಲು ನಿರಾಕರಿಸುತ್ತದೆ. ಇದನ್ನು ಡಿಸ್ಕ್ ಕೆಟ್ಟಿತೆಂದು ತಿಳಿದು ವಿಂಡೋಸ್ ಮರುಸ್ಥಾಪಿಸುವ ಅಗತ್ಯವಿಲ್ಲ, ಹಿಂದಿನ ಆಯ್ಕೆಯನ್ನು ಮರಳಿಸಿದರೆ ಸಾಕು. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಆಟ ಟಿಪಿಎಂ ಹಾಗೂ ಸೆಕ್ಯೂರ್ ಬೂಟ್ ಎರಡನ್ನೂ ಬಯಸುತ್ತದೆ. 2025ರ ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಇಲ್ಲದೆ ತೆರೆಯದು. ನಿನ್ನೆಯವರೆಗೆ ಓಡುತ್ತಿದ್ದ ಆಟ ಇಂದು ತೆರೆಯದಿದ್ದರೆ ಮೊದಲು ನೋಡಬೇಕಾದುದು ಇವೆರಡನ್ನು. ಆದುದರಿಂದ ಹಳೆಯ ಆಯ್ಕೆಗಳ ಪುಟಗಳನ್ನು ಮೊದಲೇ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಉಪಯುಕ್ತ.

ವೈಫಲ್ಯ, ಚೇತರಿಕೆ ಮತ್ತು ಹಿಂದಿರುಗುವಿಕೆ

ನವೀಕರಣ ವಿಫಲವಾಗಿ ಯಂತ್ರ ಏಳದಿದ್ದಾಗ ಅನೇಕ ತಯಾರಕರು ಚೇತರಿಕೆಯ ಒಂದು ಹಿಂಬಾಗಿಲನ್ನು ಇಟ್ಟಿರುತ್ತಾರೆ. ಎಚ್‌ಪಿಯಲ್ಲಿ ವಿಂಡೋಸ್ ಮತ್ತು ಬಿ ಕೀಲಿಗಳನ್ನು ವಿದ್ಯುತ್ ಗುಂಡಿಯೊಂದಿಗೆ, ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ ಹಿಡಿದು ಈ ವ್ಯವಸ್ಥೆಯನ್ನು ತಲುಪಬಹುದು. ಅದು ಡಿಸ್ಕ್‌ನಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿರುವ ಪ್ರತಿಯಿಂದ ಬಯೋಸನ್ನು ಮತ್ತೆ ಬರೆಯುತ್ತದೆ.

ಹಳೆಯ ಆವೃತ್ತಿಗೆ ಮರಳಲು ಕೆಲವು ತಯಾರಕರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ತಡೆಯುವುದಕ್ಕೆ ಭದ್ರತೆಯೇ ನೀಡುವ ಕಾರಣ: ಲೋಪವಿರುವ ಹಳೆಯ ಆವೃತ್ತಿಯನ್ನು ಮತ್ತೆ ಬರೆಯಲು ಬಿಟ್ಟರೆ ದಾಳಿಕೋರನೂ ಹಾಗೆಯೇ ಮಾಡಬಹುದು. ಆದರೆ ಹೊಸ ಆವೃತ್ತಿಯಲ್ಲೇ ದೋಷ ಬರುವುದೂ ಅಪರೂಪವಲ್ಲ. ಸ್ಪೆಕ್ಟರ್ ಲೋಪಕ್ಕೆಂದು ಇಂಟೆಲ್ ನೀಡಿದ ಮೈಕ್ರೋಕೋಡ್‌ನಿಂದ ಯಂತ್ರಗಳು ಅನಿರೀಕ್ಷಿತವಾಗಿ ಮರುಪ್ರಾರಂಭವಾಗತೊಡಗಿ, ಅದರ ವಿತರಣೆಯನ್ನು ನಿಲ್ಲಿಸುವಂತೆ 2018ರ ಜನವರಿಯಲ್ಲಿ ಇಂಟೆಲ್ಲೇ ಕೋರಬೇಕಾಯಿತು. ಭದ್ರತಾ ಲೋಪದ ತುರ್ತು ಇಲ್ಲದಿದ್ದರೆ, ಹೊಸ ಆವೃತ್ತಿ ಬಂದ ಮೊದಲ ವಾರಗಳಲ್ಲಿ ಕಾದು ನೋಡುವವರ ನಿಲುವು ಅಕಾರಣವಲ್ಲ.

ಯಾವ ದಾರಿಯೂ ಫಲಿಸದಾಗ ಉಳಿಯುವುದು ಚಿಪ್‌ಗೆ ಹೊರಗಿನಿಂದ ಪ್ರೋಗ್ರಾಮರ್ ಸಾಧನವನ್ನು ಜೋಡಿಸಿ ಬರೆಯುವ ವಿಧಾನ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳ ದುರಸ್ತಿಗಾರರಿಗೆ ಇದು ಪರಿಚಿತ ಕೆಲಸ. 1.8 ವೋಲ್ಟ್‌ನ ಚಿಪ್‌ಗೆ 3.3 ವೋಲ್ಟ್ ಹರಿಸಿದರೆ ಚಿಪ್ಪೇ ಸುಟ್ಟುಹೋಗಬಹುದು. ಇನ್ನೊಂದು ಯಂತ್ರದಿಂದ ನಕಲು ಮಾಡಿದ ಪ್ರತಿಯನ್ನು ಬರೆದರೆ ಲ್ಯಾಪ್‌ಟಾಪ್ ಎದ್ದರೂ ಅದರ ಕ್ರಮಸಂಖ್ಯೆ ಮತ್ತು ವಿಂಡೋಸ್ ಕೀಲಿ ಆ ಬೇರೆ ಯಂತ್ರದ್ದಾಗಿರುತ್ತವೆ, ಮುಂದೆ ವಾರಂಟಿ ಕೇಳಲು ಹೋದಾಗ ತೊಡಕಾಗುತ್ತದೆ. ಆದುದರಿಂದ ಬರೆಯುವ ಮುನ್ನ ಕೆಟ್ಟ ಚಿಪ್‌ನಲ್ಲಿ ಇರುವುದನ್ನೇ ಒಮ್ಮೆ ಪೂರ್ಣವಾಗಿ ಓದಿ ಉಳಿಸಿ, ಅದರಿಂದ ಯಂತ್ರದ ಗುರುತುಗಳನ್ನು ಹೊಸ ಪ್ರತಿಗೆ ಸೇರಿಸಿಕೊಡುವಂತೆ ದುರಸ್ತಿಗಾರರಿಗೆ ಮೊದಲೇ ತಿಳಿಸಬೇಕು.