ಒಂದೇ ಗುಂಡನ್ನು ನಂಬಿ ಸೈಟ್ ತಿರುಗಿಸಬೇಡಿ

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ರೈಫಲ್‌ಗೆ ದುರ್ಬೀನು ಜೋಡಿಸುವಂತಿಲ್ಲ. ಕಣ್ಣಿನ ಬಳಿ ಸಣ್ಣ ರಂಧ್ರವಿರುವ ಹಿಂದಿನ ಸೈಟ್, ನಳಿಗೆಯ ತುದಿಯಲ್ಲಿ ಉಂಗುರವಿರುವ ಮುಂದಿನ ಸೈಟ್, ಗುರಿ ಹಿಡಿಯಲು ಇರುವುದು ಇವೆರಡೇ. ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ; ಅದಕ್ಕೆ ಹೊಡೆಯುವ ಗುಂಡೇ 4.5 ಮಿ.ಮೀ. ದಪ್ಪ. ಇಷ್ಟು ಸೂಕ್ಷ್ಮದ ಆಟದಲ್ಲಿ ಮೊದಲ ಗುಂಡು ಎಡಕ್ಕೆ ಬಿದ್ದ ಕೂಡಲೇ ಸೈಟ್ ತಿರುಗಿಸಲು ಹೊಸಬರ ಕೈ ಹೋಗುತ್ತದೆ. ಆದರೆ ಹಾಗೆ ಮಾಡಿದರೆ ಗುರಿ ಸುಧಾರಿಸುವುದಿಲ್ಲ, ಇನ್ನಷ್ಟು ಕೆಡುತ್ತದೆ.

ಮೊದಲು ಅಳತೆಯನ್ನು ನೋಡೋಣ. ಎರಡು ಸೈಟ್‌ಗಳ ನಡುವೆ 80 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಗುರಿ 10 ಮೀಟರ್ ದೂರ, ಅಂದರೆ ಆ ಅಂತರದ ಹನ್ನೆರಡೂವರೆ ಪಟ್ಟು. ಸರೂಪ ತ್ರಿಕೋನಗಳ ನಿಯಮದಂತೆ ಹಿಂದಿನ ಸೈಟನ್ನು 0.1 ಮಿ.ಮೀ., ಸುಮಾರು ಒಂದು ಕಾಗದದ ಹಾಳೆಯ ದಪ್ಪದಷ್ಟು, ಸರಿಸಿದರೆ ಗುಂಡು 1.25 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಈ ಹಲಗೆಯಲ್ಲಿ ಒಂದು ವೃತ್ತದಿಂದ ಮುಂದಿನದಕ್ಕೆ 2.5 ಮಿ.ಮೀ. ಅಂತರ, ಹಾಗಾಗಿ ಹಾಳೆಯಷ್ಟು ಸರಿದರೂ ಅರ್ಧ ಅಂಕದ ಬದಲಾವಣೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಬೇಕು; ಮುಂದಿನದನ್ನು ಸರಿಸುವುದಾದರೆ ಅದಕ್ಕೆ ವಿರುದ್ಧವಾಗಿ. ಸೈಟ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ಜೋಡಣೆಯ ತಪ್ಪು ಗುರಿಯಲ್ಲಿ ಕಡಿಮೆ ಹಿಗ್ಗುತ್ತದೆ. ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್‌ನ ನಾಲ್ಕನೇ ಮಾದರಿಯಲ್ಲಿ ಹಿಂದಿನ ಸೈಟನ್ನು ನಳಿಗೆಯ ಮೇಲಿಂದ ತೆಗೆದು ಕಣ್ಣಿನ ಸಮೀಪಕ್ಕೆ ತಂದದ್ದರಿಂದ ಈ ಲಾಭ ಸಿಕ್ಕಿತು.

ಇಷ್ಟು ನಿಖರವಾಗಿ ತಿದ್ದಲು ಬರುವಾಗ ಒಂದು ಗುಂಡು ಸಾಲದೇಕೆ? ಗುಂಡು ಕೇಂದ್ರ ತಪ್ಪುವುದಕ್ಕೆ ಎರಡು ಬಗೆಯ ಕಾರಣಗಳಿವೆ. ಒಂದು, ಸೈಟಿನ ಸ್ಥಾನವೇ ತಪ್ಪಾಗಿರುವುದು. ಇದು ಪ್ರತಿ ಗುಂಡನ್ನೂ ಒಂದೇ ಕಡೆಗೆ ಎಳೆಯುತ್ತದೆ. ಇನ್ನೊಂದು ಚದುರುವಿಕೆ: ಉಸಿರು, ಕೈಯ ಅದುರು, ಗುಂಡುಗುಂಡಿಗೂ ಇರುವ ಸಣ್ಣ ವ್ಯತ್ಯಾಸ. ಇದಕ್ಕೆ ದಿಕ್ಕಿಲ್ಲ. ಸೈಟಿನ ತಿರುಪು ಮೊದಲನೆಯದನ್ನಷ್ಟೇ ಸರಿಪಡಿಸಬಲ್ಲದು. ಸರಿಯಾಗಿಯೇ ಕೂತಿರುವ ಸೈಟನ್ನು ಪ್ರತಿ ಗುಂಡಿನ ನಂತರ ಅದು ತಪ್ಪಿದಷ್ಟೇ ತಿರುಗಿಸುತ್ತ ಹೋದರೆ, ಹಿಂದಿನ ಗುಂಡಿನ ಆಕಸ್ಮಿಕ ತಪ್ಪು ಮುಂದಿನದಕ್ಕೆ ಸೇರಿಕೊಳ್ಳುತ್ತದೆ, ಒಟ್ಟು ಚದುರುವಿಕೆ ಸುಮಾರು 1.4 ಪಟ್ಟು ಆಗುತ್ತದೆ. ಅದರ ಬದಲು ಹತ್ತು ಗುಂಡು ಹಾರಿಸಿ ಆ ಗ್ರೂಪಿನ ಮಧ್ಯಬಿಂದು ಹುಡುಕಿದರೆ, ಒಂದೇ ಗುಂಡಿನ ಅಂದಾಜಿಗಿಂತ ಅನಿಶ್ಚಿತತೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ತಿದ್ದುವುದಿದ್ದರೆ ಆ ಬಿಂದುವಿನಿಂದ ಕೇಂದ್ರಕ್ಕೆ ಅಳೆದೇ ತಿದ್ದಬೇಕು.

ನುರಿತ ಶೂಟರ್‌ಗಳು ಒಂದೆರಡು ಗುಂಡಿಗೇ ಸೈಟ್ ತಿದ್ದುವುದಿಲ್ಲವೇ ಎಂದು ಕೇಳಬಹುದು. ತಿದ್ದುತ್ತಾರೆ, ನಿಜ. ಅವರ ಚದುರುವಿಕೆ ಬಹಳ ಕಿರಿದು, ಅದು ಎಷ್ಟೆಂಬುದೂ ಅವರಿಗೆ ಗೊತ್ತು; ಆ ಮಿತಿಯನ್ನು ಎಷ್ಟೋ ಪಟ್ಟು ಮೀರಿ ಬಿದ್ದ ಗುಂಡು ಒಂದೇ ಆದರೂ ಅವರಿಗೆ ಸಾಕ್ಷ್ಯ. ಬಯಲಿನ 50 ಮೀಟರ್ ಸ್ಪರ್ಧೆಯಲ್ಲಿ ಗಾಳಿಯ ದಿಕ್ಕು ಬದಲಾಗಿದ್ದು ಕಣ್ಣಿಗೆ ಕಂಡರೆ ಗುಂಡು ಹಾರುವ ಮೊದಲೇ ತಿರುಪಿಗೆ ಕೈ ಹಾಕುತ್ತಾರೆ, ಅದೂ ಸರಿ. ಹೊಸಬರಲ್ಲಿ ಆ ಮಿತಿಯ ತಿಳಿವಳಿಕೆ ಇರುವುದಿಲ್ಲ. ರೈಫಲನ್ನು ಇಕ್ಕಳದಲ್ಲಿ ಬಿಗಿದು ಒಮ್ಮೆಗೇ ಜೀರೋ ಮಾಡಿಬಿಡಬಹುದಲ್ಲ, ಅಂದರೆ ಗುಂಡು ಕೇಂದ್ರಕ್ಕೇ ಬೀಳುವಂತೆ ಸೈಟ್ ಹೊಂದಿಸಿಬಿಡಬಹುದಲ್ಲ ಎಂಬ ಮಾತೂ ಇದೆ. ಇಕ್ಕಳ ಹೇಳುವುದು ನಳಿಗೆ ಮತ್ತು ಗುಂಡಿನ ಗುಣವನ್ನು ಮಾತ್ರ. ಕೆನ್ನೆ ಊರುವ ರೀತಿ, ಭುಜದ ಒತ್ತು, ರಂಧ್ರದ ಹಿಂದೆ ಕಣ್ಣು ನಿಲ್ಲುವ ಜಾಗ ಆಳಿಂದ ಆಳಿಗೆ ಬೇರೆ. ಆದ್ದರಿಂದ ಒಬ್ಬರು ಜೀರೋ ಮಾಡಿದ ರೈಫಲನ್ನು ಇನ್ನೊಬ್ಬರು ಹಿಡಿದಾಗ ಗ್ರೂಪ್ ಹೊಡೆದು ಹೊಸದಾಗಿ ಅಳೆಯಲೇಬೇಕು.