ಎಣ್ಣೆ ಸೋರುವ ಎಂಜಿನ್ ಮತ್ತು ಅದರ ಉಸಿರು

ಕಾರಿನ ಎಂಜಿನ್ನಿನೊಳಗೆ ತಿರುಗುವ ಮತ್ತು ಜಾರುವ ಭಾಗಗಳ ನಡುವೆ ತೆಳುಪದರವಾಗಿ ನಿಂತು ಸವೆತವನ್ನೂ ಶಾಖವನ್ನೂ ತಗ್ಗಿಸುವ ದ್ರವವೇ ಎಂಜಿನ್ ಆಯಿಲ್. ಸಣ್ಣ ಕಾರಿನಲ್ಲಿ ಸುಮಾರು 3 ಲೀಟರಿನಷ್ಟಿರುವ ಈ ಎಣ್ಣೆಯು ಎಂಜಿನ್ನಿನ ತಳದಲ್ಲಿರುವ, ಗ್ಯಾರೇಜಿನವರು ಚೇಂಬರ್ ಎಂದು ಕರೆಯುವ ತೊಟ್ಟಿಯಲ್ಲಿ ಸಂಗ್ರಹವಾಗಿದ್ದು, ಪಂಪಿನ ಬಲದಿಂದ ಮೇಲೇರಿ, ಕೆಲಸ ಮುಗಿಸಿ ಮತ್ತೆ ಕೆಳಗಿಳಿಯುತ್ತದೆ. ಲೋಹದ ಎರಡು ಭಾಗಗಳು ಕೂಡುವೆಡೆಯಲ್ಲಿ ಇರಿಸುವ ರಬ್ಬರಿನ ಅಥವಾ ಕಾಗದದ ಪಟ್ಟಿಗೆ ಗ್ಯಾಸ್ಕೆಟ್ ಎಂದೂ, ಆಡುಮಾತಿನಲ್ಲಿ ಪ್ಯಾಕಿಂಗ್ ಎಂದೂ ಹೆಸರು. ತಿರುಗುವ ದಂಡವು ಎಂಜಿನ್ನಿನಿಂದ ಹೊರಬರುವ ರಂಧ್ರದ ಸುತ್ತ ಕೂರುವ ರಬ್ಬರ್ ಬಳೆ ಆಯಿಲ್ ಸೀಲ್. ಲೋಹವೇ ಬಿರುಕು ಬಿಟ್ಟ ಅಪರೂಪದ ಸಂದರ್ಭಗಳನ್ನು ಬಿಟ್ಟರೆ, ಸೋರುವ ಎಣ್ಣೆ ಈ ಎರಡು ತಡೆಗಳಲ್ಲಿ ಒಂದನ್ನು ದಾಟಿಯೇ ಬರಬೇಕು.

ಮಂಗಳೂರಿನ ಉರ್ವ, ಚಿಲಿಂಬಿ, ಲೇಡಿಹಿಲ್ ಸುತ್ತಿನ ಮನೆಗಳ ಅಂಗಳದಲ್ಲಿ ಇಂತಹ ಸೋರಿಕೆ ಸಾಮಾನ್ಯವಾಗಿ ಜೂನ್ ತಿಂಗಳ ಮೊದಲ ಮಳೆಗಳೊಂದಿಗೆ ಕಣ್ಣಿಗೆ ಬೀಳುತ್ತದೆ. ಮಳೆಯಿಂದಲೇ ಎಂಜಿನ್ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ; ಬೇಸಿಗೆಯಲ್ಲಿ ನೆಲಕ್ಕೆ ಇಂಗಿ ಮರೆಯಾಗುತ್ತಿದ್ದ ಹನಿಯೇ ಈಗ ನೀರಿನ ಮೇಲೆ ಬಿದ್ದು, ಬೆಳಕಿನ ಅಲೆಯುದ್ದದಷ್ಟು ತೆಳ್ಳಗಿನ ಪೊರೆಯಾಗಿ ಹರಡಿ, ಕಾಮನಬಿಲ್ಲಿನ ಬಣ್ಣಗಳನ್ನು ತೋರುತ್ತದೆ. ಪೊರೆಯ ವಿಸ್ತಾರಕ್ಕೂ ಸೋರಿದ ಎಣ್ಣೆಯ ಪ್ರಮಾಣಕ್ಕೂ ನೇರ ಸಂಬಂಧವಿಲ್ಲದ ಕಾರಣ, ನಂಬಬೇಕಾದದ್ದು ಅಳತೆಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು. ಹೆಚ್ಚಿನ ಕಾರುಗಳಲ್ಲಿ ಅದರ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಮಟ್ಟ ಕೆಳಗೆರೆಗಿಂತ ಇಳಿದಿದ್ದರೆ ಎಣ್ಣೆ ಹಾಕದೆ ಎಂಜಿನ್ ಚಾಲೂ ಮಾಡಲೇಬಾರದು. ತೊಟ್ಟಿಕ್ಕುವುದು ಎಂಜಿನ್ ಆಯಿಲ್ಲೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು: ಏಸಿಯ ನೀರಿಗೆ ಬಣ್ಣವೂ ಜಿಡ್ಡೂ ಇರುವುದಿಲ್ಲ, ಕೂಲಂಟ್ ಸಾಮಾನ್ಯವಾಗಿ ಹಸಿರು ಅಥವಾ ಗುಲಾಬಿ ಬಣ್ಣದ್ದು, ಚಕ್ರದ ಬಳಿಯ ತಿಳಿಹಳದಿ ದ್ರವ ಬ್ರೇಕಿನದ್ದಾಗಿದ್ದರೆ ಕಾರನ್ನು ಅಲ್ಲಿಂದ ಕದಲಿಸಬಾರದು.

ಸೋರುವ ಜಾಗ ಮತ್ತು ತೊಟ್ಟಿಕ್ಕುವ ಜಾಗ ಒಂದೇ ಎಂದು ತಿಳಿಯುವುದು ಇನ್ನೊಂದು ತಪ್ಪು. ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಈ ಊರಿನಲ್ಲಿ ಹಂಚಿನ ಮಾಡಿನ ಕೆಳಗೆ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ: ಒಡೆದ ಹಂಚು ಒಂದು ಕಡೆಯಿದ್ದರೆ, ನೀರು ರೀಪು ಪಕ್ಕಾಸುಗಳ ಗುಂಟ ಹರಿದು ಇನ್ನೆಲ್ಲೋ ಹನಿಯುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳದಿಂದ ಒಸರಿದ ಎಣ್ಣೆಯೂ ಬೋಲ್ಟು, ಅಂಚು, ತಂತಿಗಳ ಮೇಲೆ ಜಾರಿ, ಚಲನೆಯ ಗಾಳಿಗೆ ಹಿಂದಕ್ಕೆ ತಳ್ಳಲ್ಪಟ್ಟು, ಕೊನೆಗೆ ಚೇಂಬರಿನ ತಳದಲ್ಲಿ ಹನಿಗಟ್ಟುವುದರಿಂದ, ನಿರಪರಾಧಿಯಾದ ಚೇಂಬರಿನ ಪ್ಯಾಕಿಂಗ್ ಅನೇಕ ಬಾರಿ ವಿನಾಕಾರಣ ಬದಲಾಗುತ್ತದೆ. ಆದ್ದರಿಂದ ಎಂಜಿನ್ ತಣಿದ ಮೇಲೆ ಡಿಗ್ರೀಸರ್ ಮತ್ತು ಬಟ್ಟೆಯಿಂದ ಹೊರಮೈಯನ್ನು ಪೂರ್ತಿ ಒರೆಸಿ, ಕೊಟ್ಟಾರದವರೆಗೋ ಸುರತ್ಕಲ್ಲಿನವರೆಗೋ ಓಡಿಸಿ ತಂದು, ಟಾರ್ಚಿನ ಬೆಳಕಿನಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಹಸಿ ಎಣ್ಣೆ ಕಾಣುವ ಅತ್ಯಂತ ಎತ್ತರದ ಬಿಂದುವೇ ಮೂಲದ ಸಮೀಪದ್ದು.

ಮೂಲ ತಿಳಿದ ಮೇಲೆ ಗ್ಯಾಸ್ಕೆಟ್ ತರಲು ಅಂಗಡಿಗೆ ಹೋಗುವುದು ಸಹಜವಾದರೂ, ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ, ಮತ್ತು ಈ ಅಧ್ಯಾಯದ ತಿರುಳು ಅಲ್ಲಿಯೇ ಇದೆ: ಎಣ್ಣೆಯನ್ನು ಹೊರಕ್ಕೆ ತಳ್ಳುತ್ತಿರುವುದು ಯಾವುದು? ಗ್ಯಾಸ್ಕೆಟ್ ತಡೆಯೇ ಹೊರತು ತಳ್ಳುವ ಬಲವಲ್ಲ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಉಂಟಾಗುವ ಭಾರಿ ಒತ್ತಡದ ಅನಿಲದಲ್ಲಿ ಒಂದು ಚೂರು, ಪಿಸ್ಟನ್ನಿಗೆ ತೊಡಿಸಿದ ಉಂಗುರಗಳನ್ನು ನುಸುಳಿ, ಕೆಳಗಿನ ಕ್ರ್ಯಾಂಕ್‌ಕೇಸ್ ಎಂಬ ಗೂಡಿಗೆ ಇಳಿಯುತ್ತಲೇ ಇರುತ್ತದೆ. ಹೊಸ ಎಂಜಿನ್ನಿನಲ್ಲಿಯೂ ಇದು ತಪ್ಪದು. ಹೀಗೆ ಇಳಿದ ಅನಿಲಕ್ಕೆ ಹೊರದಾರಿ ಇಲ್ಲದಿದ್ದರೆ ಗೂಡಿನೊಳಗಿನ ಒತ್ತಡ ಏರಿ, ಎಣ್ಣೆಯು ಅತ್ಯಂತ ದುರ್ಬಲವಾದ ಸಂದಿಯನ್ನು ಹುಡುಕಿಕೊಂಡು ಹೊರನುಗ್ಗುತ್ತದೆ. ಅಲ್ಲಿನ ಪ್ಯಾಕಿಂಗ್ ಬದಲಿಸಿದರೆ ಮುಂದಿನ ದುರ್ಬಲ ಸಂದಿಯಿಂದ ಬರುತ್ತದೆ. ಹೊಸ ಪ್ಯಾಕಿಂಗ್ ಹಾಕಿಸಿದ ಕೆಲವೇ ವಾರಗಳಲ್ಲಿ ಮತ್ತೆ ಸೋರುವ ಕಾರುಗಳನ್ನು ಕಂಡು ಮಾಲೀಕರು ಮೆಕ್ಯಾನಿಕ್ಕನನ್ನೂ ಪ್ಯಾಕಿಂಗಿನ ಗುಣಮಟ್ಟವನ್ನೂ ದೂರುವುದುಂಟು. ಆದರೆ ಎಷ್ಟೋ ಸಲ ಕೊರತೆಯಿರುವುದು ಎಂಜಿನ್ನಿನ ಉಸಿರಾಟದಲ್ಲಿ.

ಹಳೆಯ ಕಾಲದ ಎಂಜಿನ್ನುಗಳು ಈ ಅನಿಲವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ನದಿಗಳನ್ನು ದಾಟಬೇಕಿದ್ದ ಟ್ಯಾಂಕುಗಳಿಗೆ ತೆರೆದ ಕೊಳವೆ ಅಪಾಯವಾಗಿ, ಅನಿಲವನ್ನು ಎಂಜಿನ್ನೇ ಮರಳಿ ಹೀರಿಕೊಂಡು ಸುಡುವ ಮುಚ್ಚಿದ ಏರ್ಪಾಟು ಬಳಕೆಗೆ ಬಂದಿತು. ಮುಂದೆ 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದ ಕಾರುಗಳಲ್ಲಿ ಹೊಗೆಮಂಜನ್ನು ತಗ್ಗಿಸುವ ಸಲುವಾಗಿ ಅದೇ ಏರ್ಪಾಟು ನೆಲೆಯಾಯಿತು. ಬೆರಳಿನಷ್ಟೇ ದೊಡ್ಡದಾದ ಪಿ.ಸಿ.ವಿ. ವಾಲ್ವ್ ಎಂಬ ಕವಾಟ ಮತ್ತು ಬ್ರೀದರ್ ಪೈಪು ಎಂಬ ರಬ್ಬರ್ ಕೊಳವೆ ಇಂದಿನ ಪೆಟ್ರೋಲ್ ಕಾರುಗಳಲ್ಲಿ ಈ ಕೆಲಸ ಮಾಡುತ್ತವೆ. ಇಷ್ಟು ಅಗ್ಗದ, ಇಷ್ಟು ಸಣ್ಣ ಭಾಗವೊಂದು ಇಡೀ ಎಂಜಿನ್ನಿನ ಸಂದಿಗಳನ್ನೆಲ್ಲ ಕಾಯುತ್ತಿರುವುದು ನಿಜಕ್ಕೂ ಮೆಚ್ಚತಕ್ಕ ಸಂಗತಿ.

ಉರ್ವದಂತಹ ಬಡಾವಣೆಯ ಕಾರುಗಳಲ್ಲಿ ಈ ಕವಾಟ ಕಟ್ಟಿಕೊಳ್ಳುವುದಕ್ಕೆ ವಿಶೇಷ ಕಾರಣವಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ ಎಂಬುದು ಮೊದಲ ಬಾರಿ ಕೇಳಿದವರಿಗೆ ನಂಬಲಾಗದ ಮಾತಾದರೂ, ಇಂಧನದ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡುವ ಲೆಕ್ಕದಿಂದ ಅದು ಸರಿಯಾಗಿಯೇ ಬರುತ್ತದೆ. ಎಂಜಿನ್ ಚೆನ್ನಾಗಿ ಕಾದು ಎಣ್ಣೆ 90 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕ್ರ್ಯಾಂಕ್‌ಕೇಸಿಗೆ ಇಳಿದ ಆವಿಯು ಕವಾಟದ ಮೂಲಕ ಹೊರಟುಹೋಗುತ್ತದೆ. ಆದರೆ ಉರ್ವ ಮಾರ್ಕೆಟ್ಟಿಗೆ ಹೋಗಿ ಬರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಇಂತಹ ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಎಣ್ಣೆ ಆ ಬಿಸಿಯನ್ನು ಮುಟ್ಟುವುದೇ ಇಲ್ಲ. ಆವಿ ತಣಿದು ನೀರಾಗಿ ಎಣ್ಣೆಯೊಂದಿಗೆ ಬೆರೆತು ತಿಳಿಕಂದು ಬಣ್ಣದ ದಪ್ಪ ಲೇಪವಾಗಿ ಕೊಳವೆಯನ್ನೂ ಕವಾಟವನ್ನೂ ಮುಚ್ಚುತ್ತದೆ. ಎಣ್ಣೆ ತುಂಬುವ ಮುಚ್ಚಳದ ಒಳಮೈಯಲ್ಲಿ ಈ ಲೇಪ ಕಂಡರೆ ಅದು ಸೂಚನೆ. ಜೊತೆಗೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಎಂಬ ದೊಡ್ಡ ದೋಷವನ್ನು ಶಂಕಿಸಿ ವರ್ಕ್‌ಶಾಪಿಗೆ ಒಯ್ಯಬೇಕು. ಕವಾಟವನ್ನು ಬಿಚ್ಚಿ ಅಲುಗಿಸಿದಾಗ ಅನೇಕ ಮಾದರಿಗಳಲ್ಲಿ ಒಳಗಿನ ಚಲಿಸುವ ಭಾಗ ಸದ್ದು ಮಾಡುತ್ತದೆ. ಸದ್ದಿಲ್ಲದೆ ಅಂಟಿಕೊಂಡಿದ್ದರೆ ಹೊಸದನ್ನು ಹಾಕುವುದೇ ಸರಿ, ಕೊಳವೆಯನ್ನು ತೊಳೆದು ಒಣಗಿಸಿ ಜೋಡಿಸಬಹುದು.

ಉಸಿರು ಸರಿಯಾದ ಬಳಿಕವೂ ಸೋರುವ ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ನೆತ್ತಿಯ ಮುಚ್ಚಳದ ಪ್ಯಾಕಿಂಗನ್ನು ಬದಲಿಸುವುದು ಮನೆಯಲ್ಲಿಯೇ ಆಗುವ ಕೆಲಸ. ಶಾಖಕ್ಕೆ ಗಡುಸಾದ ರಬ್ಬರ್ ಮೆತ್ತಗಾಗಿ ಒತ್ತಿಕೊಳ್ಳುವ ಗುಣವನ್ನು ಕಳೆದುಕೊಂಡಿರುವುದರಿಂದ ಬೋಲ್ಟುಗಳನ್ನು ಇನ್ನಷ್ಟು ಬಿಗಿಯುವುದು ವ್ಯರ್ಥ, ಹಾನಿಕರ ಕೂಡ. ಬೋಲ್ಟಿನ ಬುಡದಲ್ಲಿ ಮುಚ್ಚಳ ಬಾಗಿ, ಎರಡು ಬೋಲ್ಟುಗಳ ನಡುವೆ ಸಂದಿ ಹೆಚ್ಚುತ್ತದೆ. ಮುಚ್ಚಳವನ್ನು ತೆಗೆದು, ಎರಡೂ ಮುಖಗಳಲ್ಲಿನ ಹಳೆಯ ರಬ್ಬರನ್ನು ಲೋಹ ಕೆರೆಯದಂತೆ ಪ್ಲಾಸ್ಟಿಕ್ ಅಂಚಿನಿಂದ ಬಿಡಿಸಿ, ಜಿಡ್ಡಿಲ್ಲದಂತೆ ಒರೆಸಿ, ಹೊಸ ಪ್ಯಾಕಿಂಗನ್ನು ಕೂರಿಸಿ, ನಡುವಿನ ಬೋಲ್ಟಿನಿಂದ ಹೊರಕ್ಕೆ ಅಡ್ಡಡ್ಡವಾಗಿ ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಅನೇಕ ಕಾರುಗಳಿಗೆ ಇಲ್ಲಿ ಬೇಕಾದದ್ದು 10 ನ್ಯೂಟನ್ ಮೀಟರಿನ ಆಸುಪಾಸಿನ ತಿರುಚುಬಲ ಮಾತ್ರ, ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು ಒಂದು ಕಿಲೋ ತೂಕ ತೂಗುಹಾಕಿದಷ್ಟು. ನಿಖರ ಅಂಕಿಯನ್ನು ಆಯಾ ಕಾರಿನ ಸರ್ವಿಸ್ ಮ್ಯಾನ್ಯುವಲ್ಲಿನಲ್ಲಿ ನೋಡಿಕೊಳ್ಳಬೇಕು.

ಗ್ಯಾರೇಜುಗಳಲ್ಲಿ ಅನಾಬಾಂಡ್ ಎಂದೇ ಕರೆಯುವ ಸಿಲಿಕೋನ್ ಅಂಟನ್ನು ಮ್ಯಾನ್ಯುವಲ್ ಹೇಳಿದ ಮೂಲೆಗಳಿಗಷ್ಟೇ ಹಚ್ಚಬೇಕು, ಏಕೆಂದರೆ ಹೆಚ್ಚಾದದ್ದು ಒಳಕ್ಕೆ ಉದುರಿ ಚೇಂಬರಿನ ಜಾಲರಿಯನ್ನು ಕಟ್ಟಿದರೆ ಎಣ್ಣೆಯಿಲ್ಲದೆ ಎಂಜಿನ್ನೇ ಜಾಮ್ ಆಗುತ್ತದೆ. ಈ ಅಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ಗಾಳಿಯ ತೇವವನ್ನು ಹೀರುವುದರಿಂದ. ಹಾಗಾಗಿ ಕರಾವಳಿಯ ಮಳೆಗಾಲದಲ್ಲಿ ಅದರ ಮೇಲ್ಪದರ ಬಹು ಬೇಗ ಕಟ್ಟುತ್ತದೆ, ಹಚ್ಚಿದ ಕೂಡಲೇ ಮುಚ್ಚಳ ಇಡದಿದ್ದರೆ ಅಂಟುವುದಿಲ್ಲ. ಒಳಗಿನವರೆಗೂ ಗಟ್ಟಿಯಾಗಲು ಒಂದು ದಿನ ಬಿಡುವುದು ಒಳ್ಳೆಯದು.

ಆಯಿಲ್ ಫಿಲ್ಟರಿನಿಂದ ಸೋರಿದರೆ ಹಳೆಯ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದಿದೆಯೇ ಎಂದೂ, ಡ್ರೈನ್ ಬೋಲ್ಟಿನಿಂದ ಸೋರಿದರೆ ಅದರ ವಾಷರ್ ಹಳತೇ ಎಂದೂ ಮೊದಲು ನೋಡಬೇಕು. ಇವೆರಡಕ್ಕೂ ಕಾರಿನಡಿಗೆ ಹೋಗಬೇಕಾದಲ್ಲಿ ಬರಿಯ ಜಾಕನ್ನು ನಂಬುವಂತಿಲ್ಲ. ಮಳೆಗೆ ಮೆತ್ತಗಾದ ಕೆಂಪುಮಣ್ಣಿನ ಅಂಗಳದಲ್ಲಿ ಜಾಕು ಹೂತುಹೋಗುವುದರಿಂದ ಸಮತಟ್ಟಾದ ಕಾಂಕ್ರೀಟಿನ ಮೇಲೆ, ಸ್ಟ್ಯಾಂಡುಗಳನ್ನು ಇಟ್ಟು, ಚಕ್ರಗಳಿಗೆ ತಡೆ ಕೊಟ್ಟೇ ಕೆಲಸ ಮಾಡಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವೆಡೆಯಿಂದ ಬರುವ ಎಣ್ಣೆ ಮನೆಯ ಕೆಲಸವಲ್ಲ, ಅಲ್ಲಿನ ಸೀಲಿಗೆ ಗೇರ್‌ಬಾಕ್ಸನ್ನೇ ಇಳಿಸಬೇಕು.

ಒರೆಸಿದ ಬಟ್ಟೆಯನ್ನೂ ಇಳಿಸಿದ ಎಣ್ಣೆಯನ್ನೂ ಚರಂಡಿಗೆ ಹಾಕುವ ಅಭ್ಯಾಸ ಈ ಊರಿನಲ್ಲಿ ವಿಶೇಷವಾಗಿ ಅಪಾಯಕರ. ಮುರಕಲ್ಲಿನ ನೆಲ ರಂಧ್ರಮಯವಾದುದು, ಅದರಡಿಯಲ್ಲಿಯೇ ಮನೆಮನೆಯ ಬಾವಿಗಳ ನೀರಿದೆ. ಚರಂಡಿಯಲ್ಲಿ ಹರಿದುಹೋದದ್ದು ಬೋಳೂರು, ಸುಲ್ತಾನ್ ಬತ್ತೇರಿಗಳ ಆಚೆಯ ಗುರುಪುರ ನದಿಗೆ ಸೇರಬಹುದು. ಗೆದ್ದಲಿಗೆಂದು ಹಟ್ಟಿಯ ಮರಮುಟ್ಟಿಗೆ ಹಳೆಯ ಎಣ್ಣೆ ಬಳಿಯುವುದನ್ನೂ ಬಿಡಬೇಕು, ಅದರಲ್ಲಿ ಚರ್ಮಕ್ಕೆ ಹಾನಿಕರವಾದ ಸಂಯುಕ್ತಗಳಿರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. ಹೊಸ ಎಣ್ಣೆಯ ಖಾಲಿ ಕ್ಯಾನಿಗೇ ತುಂಬಿ, ಮರುಸಂಸ್ಕರಣೆಗೆ ಕಳುಹಿಸುವ ವರ್ಕ್‌ಶಾಪಿಗೆ ಕೊಡಬಹುದು.

ಇನ್ನೂ ಮುಂದೆ ತಿಳಿಯಬಯಸುವವರು, ಅದರಲ್ಲಿಯೂ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ಕಿನಂತಹ ಸಂಸ್ಥೆಗಳ ಆಟೋಮೊಬೈಲ್ ವಿದ್ಯಾರ್ಥಿಗಳು, ಕೈಗೆತ್ತಿಕೊಳ್ಳಬಹುದಾದ ಪ್ರಯೋಗವೊಂದಿದೆ. ತೋಳುಗಳು ಅರ್ಧ ಮೀಟರಿಗಿಂತ ಉದ್ದವಿರುವ ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ಕಿನ ನಳಿಕೆಗೆ ಗಾಳಿಯಾಡದಂತೆ ಸಿಕ್ಕಿಸಿ ಎಂಜಿನ್ನನ್ನು ಚಾಲೂ ಇಟ್ಟರೆ, ಎರಡು ತೋಳುಗಳ ನೀರಿನ ಮಟ್ಟದ ವ್ಯತ್ಯಾಸವೇ ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಹೇಳುತ್ತದೆ. ಒಂದು ಸೆಂಟಿಮೀಟರ್ ಎಂದರೆ ಸುಮಾರು 98 ಪಾಸ್ಕಲ್. ಉಸಿರು ಸರಿಯಿದ್ದರೆ ನೀರು ಎಂಜಿನ್ನಿನ ಕಡೆಗೆ ಸ್ವಲ್ಪ ಸೆಳೆಯಲ್ಪಡುತ್ತದೆ, ಕಟ್ಟಿದ್ದರೆ ಹೊರಗಿನ ತೋಳಿನಲ್ಲಿ ಏರುತ್ತದೆ. ಮಳೆಗಾಲಕ್ಕೆ ಮೊದಲು ಮತ್ತು ನಂತರ, ಸಣ್ಣ ಓಡಾಟದ ಕಾರಿನಲ್ಲಿಯೂ ಹೆದ್ದಾರಿಯ ಕಾರಿನಲ್ಲಿಯೂ ಈ ಅಂಕಿಗಳನ್ನು ಬರೆದಿಟ್ಟು ಹೋಲಿಸುವ ಕೆಲಸವನ್ನು ಕರಾವಳಿಯ ಯುವಕ ಯುವತಿಯರು ಕೈಗೊಳ್ಳಲಿ, ಫಲಿತಾಂಶವನ್ನು ಕನ್ನಡದಲ್ಲಿಯೇ ಪ್ರಕಟಿಸಲಿ.