ಬೆಂಗೇರಿಯ ಧ್ವಜ ಮತ್ತು ಫೇಯಾಲರ ಕೊನೆಯ ತತ್ವ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫೇಯಾಲ್ ಅವರ 14 ತತ್ವಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಕೊನೆಯದು ಒಗ್ಗಟ್ಟಿನ ಮನೋಭಾವ. ಪರೀಕ್ಷೆಯಲ್ಲಿ ಮೂರು ಸಾಲು ಬರೆದರೆ ಅಂಕ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಫೇಯಾಲ್ ಫ್ರಾನ್ಸಿನವರು, ಗಣಿ ಕಂಪನಿ ನಡೆಸಿದವರು, ಈ ತತ್ವಗಳನ್ನು 1916ರಲ್ಲಿ ಪ್ರಕಟಿಸಿದವರು. ಆದರೆ ಈ ತತ್ವ ಕೆಲಸ ಮಾಡುವುದನ್ನು ತಿಳಿಯಲು ಫ್ರಾನ್ಸಿಗೆ ಹೋಗಬೇಕಿಲ್ಲ. ನಮ್ಮ ಅತ್ತಿವೇರಿಯವರು ಸಂತೆಗೆ, ಆಸ್ಪತ್ರೆಗೆ ಹೋಗುವ ಹುಬ್ಬಳ್ಳಿಯಲ್ಲೇ ಅದಕ್ಕೊಂದು ಉದಾಹರಣೆ ಇದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಸ್ಥಾಪನೆ 1957ರ ನವೆಂಬರ್ 1. ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಖಾದಿಯ ರಾಷ್ಟ್ರಧ್ವಜವನ್ನು ಐಎಸ್ಐ ಗುರುತಿನೊಂದಿಗೆ ತಯಾರಿಸುವ ಘಟಕವೆಂದು ಅದು ದೇಶದಲ್ಲೆಲ್ಲ ಹೆಸರಾಗಿದೆ. ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಕಡೆಯಿಂದ. ಬೆಂಗೇರಿಯಲ್ಲಿ ಅದಕ್ಕೆ ಬಣ್ಣ ಹಾಕಿ, ಕತ್ತರಿಸಿ, ಚಕ್ರ ಅಚ್ಚು ಹಾಕಿ, ಹೊಲಿದು, ಹಗ್ಗ ಕಟ್ಟುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಮಹಿಳೆಯರು.

ಧ್ವಜವೆಂದರೆ ಮೂರು ಪಟ್ಟಿ ಜೋಡಿಸಿದರಾಯಿತು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಅಳತೆಗಳು ಒಂಬತ್ತು, ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಅಗಲ, ಚಿಕ್ಕದು 150 ಮತ್ತು 100 ಮಿ.ಮೀ. ಯಾವ ಅಳತೆಯಾದರೂ ಉದ್ದ ಅಗಲ 3:2 ಇರಲೇಬೇಕು. ಚಕ್ರಕ್ಕೆ 24 ಕಡ್ಡಿಗಳು, ಬಟ್ಟೆಯ ಎರಡೂ ಮುಖದಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಬಣ್ಣದ ಛಾಯೆ, ನೂಲಿನ ದಪ್ಪ, ಹೊಲಿಗೆ, ಎಲ್ಲಕ್ಕೂ ಬಿಐಎಸ್ ಮಾನದಂಡವಿದೆ.

ಇಲ್ಲಿ ಕೆಲಸದ ಸಂಸ್ಕೃತಿ ಎಂಬ ಮಾತು ಬರುತ್ತದೆ. ನಮ್ಮ ಅಮ್ಮಿ ಮನೆಯಲ್ಲೇ ಬ್ಲೌಸ್, ಲಂಗ ಹೊಲಿಯುತ್ತಾರೆ. ಒಂದು ಅಂಗಡಿಗೆ ಪೀಸ್ ಲೆಕ್ಕದಲ್ಲಿ ಕೊಡುತ್ತಿದ್ದಾಗ ಅಂಗಡಿಯವರು ಕೇಳುತ್ತಿದ್ದದ್ದು ಒಂದೇ: ಇವತ್ತು ಎಷ್ಟಾಯಿತು? ಅಂಚು ನೇರವಿದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಪೀಸ್ ಲೆಕ್ಕದ ಕೂಲಿ ಅವಸರಕ್ಕೆ ಹಣ ಕೊಡುತ್ತದೆ, ನಾಜೂಕಿಗೆ ಕೊಡುವುದಿಲ್ಲ. ಹಾಗಾಗಿ ಸಂಸ್ಥೆಯ ಸಂಸ್ಕೃತಿ ಏನೆಂದು ತಿಳಿಯಲು ಗೋಡೆಯ ಮೇಲಿನ ಬೋರ್ಡು ಓದಬೇಕಿಲ್ಲ. ಕೆಟ್ಟ ಪೀಸು ಬಂದಾಗ ಅಲ್ಲಿ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಧ್ವಜದ ಕೆಲಸದಲ್ಲಿ ಕೆಟ್ಟದ್ದು ಪಕ್ಕಕ್ಕೆ ಹೋಗುತ್ತದೆ. ಕತ್ತರಿಸಿದವರ ತಪ್ಪು ಹೊಲಿಯುವವರ ಕೈಯಲ್ಲಿ ಕಾಣುತ್ತದೆ, ಅಚ್ಚು ಓರೆಯಾದರೆ ಮುಂದಿನವರ ಶ್ರಮವೆಲ್ಲ ವ್ಯರ್ಥ. ಮೇಲ್ವಿಚಾರಕರ ಕಣ್ಣಿಗಿಂತ ಪಕ್ಕದಲ್ಲಿ ಕೂತವರ ಕಣ್ಣು ಹೆಚ್ಚು ಕೆಲಸ ಮಾಡುತ್ತದೆ. ಜೊತೆಗೆ, ತಯಾರಾಗುತ್ತಿರುವುದು ಯಾವ ವಸ್ತು ಎಂಬುದು ಎಲ್ಲರಿಗೂ ಗೊತ್ತು. ಫೇಯಾಲರ ಒಗ್ಗಟ್ಟು ಎಂದರೆ ಇದೇ ಎಂದು ನನಗನ್ನಿಸುತ್ತದೆ.

ನಮ್ಮ ಮನೆಯ ಉರ್ದುವಿನಲ್ಲಿ ನೀಯತ್ ಎಂದರೆ ಮನಸ್ಸಿನ ಉದ್ದೇಶ. ಅದೇ ಪದ ಕನ್ನಡದಲ್ಲಿ ನಿಯತ್ತು ಆಗಿ ಪ್ರಾಮಾಣಿಕತೆ ಎಂಬ ಅರ್ಥ ಕೊಡುತ್ತದೆ. ದೊಡ್ಡ ಕಂಪನಿಗಳು ಬೋರ್ಡಿನಲ್ಲಿ ಬರೆಸುವುದು ಉರ್ದುವಿನ ನೀಯತ್. ಗಿರಾಕಿಗೆ ಬೇಕಾಗಿರುವುದು ಕನ್ನಡದ ನಿಯತ್ತು!

ಆದರೆ ಇಷ್ಟಕ್ಕೇ ಯಶಸ್ಸು ಬರುತ್ತದೆಯೇ? ಪಠ್ಯಪುಸ್ತಕ ಬರುತ್ತದೆ ಎನ್ನುತ್ತದೆ. ಬೆಂಗೇರಿಯ ಕಥೆ ಅಷ್ಟು ಸುಲಭವಿಲ್ಲ. ಮೊದಲು ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯಲ್ಲೇ ಮಾಡಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಿಂದ ಮಾಡಿದ್ದಕ್ಕೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಿತು. ಮುಂದಿನ ಆಗಸ್ಟಿನಲ್ಲಿ ಮನೆಮನೆಗೂ ಧ್ವಜದ ಅಭಿಯಾನ ನಡೆಯಿತು, ಧ್ವಜಕ್ಕೆ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಆ ಬೇಡಿಕೆಯನ್ನು ಬಹುಪಾಲು ತುಂಬಿದ್ದು ಅಗ್ಗದ ಪಾಲಿಯೆಸ್ಟರ್. ಬೆಂಗೇರಿಯ ಸಂಘ ತಿದ್ದುಪಡಿಯನ್ನು ವಿರೋಧಿಸಿತು. ಅಲ್ಲಿನ ಹೆಂಗಸರ ಕೈ ಮೊದಲಿನಷ್ಟೇ ಚೊಕ್ಕವಾಗಿತ್ತು, ಬದಲಾದದ್ದು ನಿಯಮ ಮತ್ತು ಬೆಲೆ. ವ್ಯವಹಾರ ಪರಿಸರ ಎಂಬ ಪಾಠವನ್ನು ನಾವು ಬೇರೆ ಅಧ್ಯಾಯದಲ್ಲಿ ಓದುತ್ತೇವೆ, ಎರಡನ್ನೂ ಸೇರಿಸಿ ಓದುವುದಿಲ್ಲ.

ಇನ್ನೊಂದು ಸಂಸ್ಥೆಯನ್ನು ಇದರ ಪಕ್ಕದಲ್ಲಿ ಇಡಬಹುದು. ಅದೂ 1957ರದ್ದೇ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದವರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು; ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ ಹಾಗೆ ಬಂದದ್ದು. ಅಲ್ಲಿ ಲೋಟ ತಂದಿಡುವವರೇ ಸಂಘದ ಸದಸ್ಯರು. ಹಂಚಿಕೊಂಡ ಮೌಲ್ಯದ ಜೊತೆ ಪಾಲನ್ನೂ ಹಂಚಿಕೊಂಡ ವ್ಯವಸ್ಥೆ ಅದು. ಕೆಲಸದಲ್ಲಿ ಶ್ರದ್ಧೆ ಕೇಳುವ ಮಾಲೀಕರು ಕೂಲಿ ಮತ್ತು ತೀರ್ಮಾನದಲ್ಲಿ ಎಷ್ಟು ಪಾಲು ಕೊಡುತ್ತಾರೆ ಎಂದು ಕೇಳುವುದು ಕಾಮರ್ಸ್ ವಿದ್ಯಾರ್ಥಿಯ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಬೆಂಗೇರಿಯ ಬಗ್ಗೆ ಅಮ್ಮಿಗೆ ಹೇಳಿದಾಗ ಅವರು ಚಕ್ರದ ಬಗ್ಗೆ, ಮಾನದಂಡದ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಅಷ್ಟು ನೋಡಿ ಹೊಲಿದರೆ ದಿನಕ್ಕೆ ಎಷ್ಟು ಆಗ್ತದೆ ಬೇಟಾ? ಅದಕ್ಕೆ ಸರಿಯಾಗಿ ಕೊಡ್ತಾರಾ?"